ಲೀಸೋ, ಲೈಸೆನ್ಸೋ? ಮುಂಬೈ, ಪುಣೆಯಲ್ಲಿ ಜಾಗ ಹಿಡಿಯುವವರಿಗೆ ಒಂದು ಹೋಲಿಕೆ

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಪುಣೆಗೆ ವರ್ಗವಾಗಿ ಬಂದವರು ವಾಕಡ್, ಹಿಂಜವಡಿ ಕಡೆ ಮನೆ ನೋಡಲು ಹೋದಾಗ “ಲೀಸ್‌ಗೆ ಕೊಡ್ತೀರಾ?” ಎಂದು ಕೇಳುವುದುಂಟು. ಅವರ ಮನಸ್ಸಿನಲ್ಲಿರುವುದು ಭೋಗ್ಯ: ಇಡುಗಂಟು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಗಂಟನ್ನು ವಾಪಸ್ ಪಡೆಯುವ ಏರ್ಪಾಟು. ಮಾಲೀಕರ ಕಿವಿಗೆ ಬೀಳುವುದು ಬೇರೆ: ಬಾಡಿಗೆ ನಿಯಂತ್ರಣ ಕಾಯ್ದೆಯ ಬಲ ಹಿಡಿದು ದಶಕಗಟ್ಟಲೆ ಜಾಗ ಬಿಡದೆ ಕೂರುವ ಬಾಡಿಗೆದಾರ. ಕೊನೆಗೆ ಏಜೆಂಟರು ತಂದಿಡುವ ಕಾಗದದ ತಲೆಯಲ್ಲಿ ‘ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್’ ಎಂದಿರುತ್ತದೆ. ಬಾಡಿಗೆ ಕರಾರು ತಾನೇ ಎಂದುಕೊಂಡು ಬಂದವರು ಸಹಿ ಹಾಕಿ ಹೆಬ್ಬೆಟ್ಟು ಒತ್ತುತ್ತಾರೆ.

ಕನ್ನಡದಲ್ಲಿ ನಾವು ಎರಡನ್ನೂ ‘ಬಾಡಿಗೆ’ ಎಂದೇ ಕರೆಯುತ್ತೇವೆ. ಕಾನೂನಿನ ಕಣ್ಣಿಗೆ ಇವು ಎರಡು ಬೇರೆ ಸಂಬಂಧಗಳು. ಲೀಸ್ ಎಂದರೆ ಜಾಗದ ಮೇಲೆ ನಿಮಗೊಂದು ಹಕ್ಕು ಹುಟ್ಟುತ್ತದೆ. ಲೈಸೆನ್ಸ್ ಎಂದರೆ ಇನ್ನೊಬ್ಬರ ಜಾಗದಲ್ಲಿರಲು ನಿಮಗೆ ಅನುಮತಿ ಸಿಗುತ್ತದೆ, ಅಷ್ಟೇ. ನೀವು ಕೊಡುವ ಹಣ, ಇರುವ ಕೋಣೆ, ಕೈಯಲ್ಲಿರುವ ಬೀಗದ ಕೈ ಒಂದೇ ಆಗಿದ್ದರೂ, ಮಾಲೀಕರು ಮನೆ ಮಾರಿದ ದಿನ ಅಥವಾ ಅವಧಿ ಮುಗಿದ ಮಾರನೆಯ ದಿನ ಈ ವ್ಯತ್ಯಾಸ ಎದುರಿಗೆ ಬಂದು ನಿಲ್ಲುತ್ತದೆ.

ಯಾವ ಅಳತೆಗೋಲು ಹಿಡಿಯಬೇಕು

ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಐದು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಎಷ್ಟು ಕಾಲ ಇರಬೇಕು? ಅವಧಿ ಮುಗಿದ ಮೇಲೂ ಅದೇ ಜಾಗ ಬೇಕೇ ಬೇಕೆನ್ನುವ ಕಾರಣವಿದೆಯೇ (ಮಕ್ಕಳ ಶಾಲೆ, ಗಿರಾಕಿ ಕಟ್ಟಿದ ಅಂಗಡಿ)? ನಡುವೆ ಮಾಲೀಕರು ಜಾಗ ಮಾರಿದರೆ ಅಥವಾ ತೀರಿಕೊಂಡರೆ ನಿಮ್ಮ ಗತಿ ಏನಾಗಬೇಕು? ಕಾಗದಪತ್ರಕ್ಕೆ ಎಷ್ಟು ಖರ್ಚು ಮಾಡಬಲ್ಲಿರಿ? ಕೊಟ್ಟ ಡಿಪಾಸಿಟ್ ಮುಳುಗಿದರೆ ತಡೆದುಕೊಳ್ಳುವ ಶಕ್ತಿ ಇದೆಯೇ? ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಹಣ ಕಳೆದುಕೊಂಡವರಲ್ಲಿ ಬಹುಪಾಲು ಜನ ಎಡವಿದ್ದು ಅಲ್ಲೇ.

ಪದಗಳ ಒಳಗೆ

ಲೀಸ್‌ನ ವ್ಯಾಖ್ಯೆ 1882ರ ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಕಾಯ್ದೆಯ 105ನೇ ಕಲಮಿನಲ್ಲಿದೆ. ಸ್ಥಿರಾಸ್ತಿಯನ್ನು ನಿರ್ದಿಷ್ಟ ಕಾಲಕ್ಕೆ ಅಥವಾ ಶಾಶ್ವತವಾಗಿ ಅನುಭವಿಸುವ ಹಕ್ಕನ್ನು, ಹಣ ಅಥವಾ ಬೆಳೆಯ ಪಾಲು ಅಥವಾ ಸೇವೆಯಂಥ ಪ್ರತಿಫಲಕ್ಕೆ ವರ್ಗಾಯಿಸುವುದೇ ಲೀಸ್. ಇಲ್ಲಿ ‘ವರ್ಗಾಯಿಸು’ ಎಂಬ ಕ್ರಿಯಾಪದವೇ ಜೀವಾಳ. ಮಾಲೀಕತ್ವ ಮಾಲೀಕರಲ್ಲೇ ಉಳಿದು, ಅನುಭೋಗದ ಹಕ್ಕು ಕೈ ಬದಲಾಗುತ್ತದೆ. ನಮ್ಮ ಗೇಣಿ, ಗುತ್ತಿಗೆ ಪದಗಳು ಈ ಅರ್ಥಕ್ಕೆ ಹತ್ತಿರ.

ಲೈಸೆನ್ಸ್‌ನ ವ್ಯಾಖ್ಯೆ ಅದೇ 1882ರ ಇನ್ನೊಂದು ಕಾಯ್ದೆಯಲ್ಲಿದೆ: ಇಂಡಿಯನ್ ಈಸ್‌ಮೆಂಟ್ಸ್ ಕಾಯ್ದೆ, 52ನೇ ಕಲಮು. ಅನುಮತಿ ಇಲ್ಲದಿದ್ದರೆ ಕಾನೂನುಬಾಹಿರವಾಗುತ್ತಿದ್ದ ಕೆಲಸವನ್ನು ಇನ್ನೊಬ್ಬರ ಜಾಗದಲ್ಲಿ ಮಾಡಲು ಸಿಗುವ ಹಕ್ಕು ಅದು. ಆಸ್ತಿಯಲ್ಲಿ ಯಾವುದೇ ಹಿತಾಸಕ್ತಿ ಹುಟ್ಟುವುದಿಲ್ಲ. ಡ್ರೈವಿಂಗ್ ಲೈಸೆನ್ಸ್, ಸಾಫ್ಟ್‌ವೇರ್ ಲೈಸೆನ್ಸ್, ಹೋಟೆಲಿನ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ) ಲೈಸೆನ್ಸ್ ಎಲ್ಲದರಲ್ಲೂ ಇದೇ ತಿರುಳು: ರಸ್ತೆ ನಿಮ್ಮದಾಗುವುದಿಲ್ಲ, ಸಾಫ್ಟ್‌ವೇರ್ ನಿಮ್ಮದಾಗುವುದಿಲ್ಲ, ಬಳಸಲು ಪರವಾನಗಿ ಮಾತ್ರ. ಲೀಸ್ ಪದಕ್ಕೆ ಇಷ್ಟು ಹರಹು ಇಲ್ಲ. ಅದು ಮನೆ, ಭೂಮಿ, ಕಾರು, ಯಂತ್ರದಂಥ ವಸ್ತುವಿಗೆ ಅಂಟಿಕೊಂಡೇ ಇರುತ್ತದೆ. ಅಡುಗೆ ಮಾಡಲು, ವಾಹನ ಓಡಿಸಲು ಯಾರೂ ಲೀಸ್ ಕೊಡುವುದಿಲ್ಲ.

‘ಲೀವ್ ಅಂಡ್ ಲೈಸೆನ್ಸ್’ನಲ್ಲಿರುವ ಲೀವ್ ಅನ್ನು ‘ಬಿಟ್ಟು ಹೋಗು’ ಎಂದು ಓದುವವರಿದ್ದಾರೆ. ಅದು ತಪ್ಪು. ಹಳೆಯ ಇಂಗ್ಲಿಷಿನಲ್ಲಿ ಅನುಮತಿಗೆ ಇದ್ದ ಪದವೇ ಈ ಲೀವ್. ಕಚೇರಿಯಲ್ಲಿ ರಜೆಗೆ ಲೀವ್ ಎನ್ನುವುದೂ ಗೈರಾಗಲು ಪಡೆದ ಅನುಮತಿ ಎಂಬ ಅರ್ಥದಿಂದಲೇ. ಅಂದರೆ ಈ ಜೋಡಿಪದ ಅನುಮತಿಯನ್ನೇ ಎರಡು ಬಾರಿ ಹೇಳುತ್ತದೆ.

ಬಳಕೆಯಲ್ಲಿ ತೊಡಕಾಗುವ ಜಾಗಗಳು ಮೂರು. ಮೊದಲನೆಯದು ದಿಕ್ಕು. ಇಂಗ್ಲಿಷಿನ ‘ಲೀಸ್ ಮಾಡು’ ಎಂಬ ಕ್ರಿಯಾಪದ ಎರಡೂ ಕಡೆ ಹರಿಯುತ್ತದೆ. ಕೊಟ್ಟವರೂ ಪಡೆದವರೂ ‘ಲೀಸ್ಡ್’ ಎನ್ನಬಹುದು. ಗೊಂದಲ ಬೇಡವೆಂದರೆ ಕೊಡುವವರು ‘ಲೀಸ್ ಔಟ್’ ಅಥವಾ ‘ಲೆಟ್’ ಬಳಸಬೇಕು. ಜಾಗದ ಕರಾರುಗಳಲ್ಲಿ ಲೈಸೆನ್ಸ್‌ಗೆ ಈ ತೊಂದರೆ ಕಡಿಮೆ, ಸಾಮಾನ್ಯವಾಗಿ ಕೊಡುವವರು ‘ಲೈಸೆನ್ಸ್’ ಮಾಡುತ್ತಾರೆ. ಎರಡನೆಯದು ಪದದ ಬಾಲ. ‘ಅರ್’ ಎಂದು ಮುಗಿದರೆ ಕೊಡುವವರು, ‘ಈ’ ಎಂದು ಮುಗಿದರೆ ಪಡೆಯುವವರು: ಲೆಸರ್ ಮತ್ತು ಲೈಸೆನ್ಸರ್ ಮಾಲೀಕರು, ಲೆಸೀ ಮತ್ತು ಲೈಸೆನ್ಸೀ ನೀವು. ಅವಸರದಲ್ಲಿ ಓದುವಾಗ ಇದು ತಿರುವುಮುರುವಾದರೆ ಬಣ್ಣ ಹೊಡೆಸುವ ಖರ್ಚು ಯಾರದು ಎಂಬುದೇ ಅದಲುಬದಲಾಗುತ್ತದೆ. ಮೂರನೆಯದು ಸ್ಪೆಲಿಂಗು. ಬ್ರಿಟಿಷ್ ರೂಢಿಯಲ್ಲಿ ನಾಮಪದ ‘ಸಿ’ ಅಕ್ಷರದಿಂದ, ಕ್ರಿಯಾಪದ ‘ಎಸ್’ನಿಂದ, ಅಮೆರಿಕದಲ್ಲಿ ಎರಡಕ್ಕೂ ‘ಎಸ್’. ನಮ್ಮ ಕರಾರುಗಳಲ್ಲಿ ಎರಡೂ ಸ್ಪೆಲಿಂಗ್ ಕಾಣುತ್ತವೆ, ಅದರಿಂದ ಸಿಂಧುತ್ವಕ್ಕೆ ಧಕ್ಕೆಯಿಲ್ಲ.

ಪದಗಳ ಜೊತೆಗಾರರನ್ನು ಗುರುತಿಸಿದರೆ ಕಾಗದದ ಸ್ವಭಾವ ತಾನಾಗಿ ಗೊತ್ತಾಗುತ್ತದೆ. ‘ರೆಂಟ್’, ‘ಟೆನಂಟ್’, ‘ಎಕ್ಸ್‌ಕ್ಲೂಸಿವ್ ಪೊಸೆಶನ್’ (ನಿಮ್ಮೊಬ್ಬರದೇ ಸ್ವಾಧೀನ), ‘ಡಿಮೈಸ್’ (ಲೀಸ್ ಮೇಲೆ ಹಕ್ಕು ವರ್ಗಾಯಿಸುವುದು) ಎಂಬ ಪದಗಳು ಲೀಸ್‌ನ ಬಳಗ. ‘ಲೈಸೆನ್ಸ್ ಫೀ’ ಅಥವಾ ‘ಕಾಂಪೆನ್ಸೇಶನ್’, ‘ಯೂಸ್ ಅಂಡ್ ಆಕ್ಯುಪೇಶನ್’, ‘ಜ್ಯುರಿಡಿಕಲ್ ಪೊಸೆಶನ್ (ಕಾನೂನಿನ ಕಣ್ಣಿನ ಸ್ವಾಧೀನ) ಲೈಸೆನ್ಸರ್ ಬಳಿಯೇ ಇರತಕ್ಕದ್ದು’ ಎಂಬುವು ಲೈಸೆನ್ಸ್‌ನ ಬಳಗ. ಲೀಸ್ ‘ಟರ್ಮಿನೇಟ್’ ಆಗುತ್ತದೆ, ಲೈಸೆನ್ಸ್ ‘ರಿವೋಕ್’ ಆಗುತ್ತದೆ. ಒಂದೇ ಕಾಗದದಲ್ಲಿ ಎರಡೂ ಬಳಗ ಬೆರೆತಿದ್ದರೆ ಅದನ್ನು ನಕಲು ಹೊಡೆದು ಅಂಟಿಸಿದ್ದಾರೆಂದು ಅರ್ಥ. ತಿದ್ದಿಸದೆ ಸಹಿ ಹಾಕಬೇಡಿ.

ಹೆಸರು ಮುಖ್ಯವೋ, ಹೂರಣ ಮುಖ್ಯವೋ

ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1985ರ ಸ್ಟ್ರೀಟ್ ವಿರುದ್ಧ ಮೌಂಟ್‌ಫೋರ್ಡ್ ಪ್ರಕರಣದಲ್ಲಿ ಹೇಳಿದ್ದು ಪ್ರಸಿದ್ಧ: ಐದು ಹಲ್ಲಿನ ಅಗೆಯುವ ಉಪಕರಣ ಮಾಡಿಟ್ಟು ಅದನ್ನು ಸನಿಕೆ ಎಂದು ಕರೆದರೂ ಅದು ಮುಳ್ಳುಗುದ್ದಲಿಯೇ. ಕಾಗದದ ಮೇಲೆ ಲೈಸೆನ್ಸ್ ಎಂದು ಬರೆದ ಮಾತ್ರಕ್ಕೆ ಲೀಸ್ ಲೈಸೆನ್ಸ್ ಆಗುವುದಿಲ್ಲ. ನಮ್ಮ ಸುಪ್ರೀಂ ಕೋರ್ಟು ಇದಕ್ಕೂ ಮೊದಲೇ, 1959ರಲ್ಲಿ, ಅಸೋಸಿಯೇಟೆಡ್ ಹೋಟೆಲ್ಸ್ ವಿರುದ್ಧ ಆರ್.ಎನ್. ಕಪೂರ್ ಪ್ರಕರಣದಲ್ಲಿ ಇದೇ ದಾರಿ ಹಿಡಿದಿತ್ತು. ದೆಹಲಿಯ ಇಂಪೀರಿಯಲ್ ಹೋಟೆಲಿನ ಒಳಗೆ ಕೇಶಾಲಂಕಾರದ ಅಂಗಡಿ ನಡೆಸುತ್ತಿದ್ದವರು ಲೆಸೀಯೋ ಲೈಸೆನ್ಸೀಯೋ ಎಂಬುದು ಪ್ರಶ್ನೆ. ರೂಪಕ್ಕಿಂತ ಸತ್ವ ನೋಡಬೇಕು, ಎರಡೂ ಕಡೆಯವರ ಉದ್ದೇಶ ನೋಡಬೇಕು, ಆಸ್ತಿಯಲ್ಲಿ ಹಿತಾಸಕ್ತಿ ಹುಟ್ಟಿದೆಯೇ ನೋಡಬೇಕು ಎಂಬ ಕಸೋಟಿಗಳನ್ನು ಅಲ್ಲಿ ಹೇಳಲಾಯಿತು. ಇಂದಿಗೂ ವಕೀಲರು ಅಲ್ಲಿಂದಲೇ ಶುರು ಮಾಡುತ್ತಾರೆ.

ಇಲ್ಲೊಂದು ಮುಖ್ಯ ತಿರುವಿದೆ, ಅದನ್ನು ತಿಳಿಯದವರು ಈ ತೀರ್ಪುಗಳನ್ನು ಓದಿ ಸುಳ್ಳು ಧೈರ್ಯ ತಂದುಕೊಳ್ಳುತ್ತಾರೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999, ಜಾರಿಗೆ ಬಂದದ್ದು 2000ದ ಮಾರ್ಚ್ 31ರಂದು. ಅದರ 24ನೇ ಕಲಮು ವಾಸಕ್ಕೆ ಲೈಸೆನ್ಸ್ ಮೇಲೆ ಕೊಟ್ಟ ಮನೆಗಳಿಗೆ ಅನ್ವಯಿಸುತ್ತದೆ. ಲಿಖಿತ ಲೈಸೆನ್ಸ್ ಕರಾರಿನಲ್ಲಿ ಏನು ಬರೆದಿದೆಯೋ ಅದೇ ನಿರ್ಣಾಯಕ ಸಾಕ್ಷ್ಯ ಎಂದು ಅಲ್ಲಿ ಸ್ಪಷ್ಟವಾಗಿದೆ. ಆದ್ದರಿಂದ ‘ಹೆಸರು ಲೈಸೆನ್ಸ್, ನಿಜದಲ್ಲಿ ನಾನು ಬಾಡಿಗೆದಾರ’ ಎಂಬ ವಾದಕ್ಕೆ ಮುಂಬೈ, ಪುಣೆಯ ವಾಸದ ಮನೆಯ ವಿಷಯದಲ್ಲಿ ಹೆಚ್ಚು ಜಾಗವಿಲ್ಲ. ಅಂಗಡಿ, ಕಚೇರಿ, ಗೋದಾಮಿಗೆ 24ನೇ ಕಲಮು ಬರುವುದಿಲ್ಲ. ಅಲ್ಲಿ 1959ರ ಕಸೋಟಿಗಳು ಜೀವಂತವಾಗಿವೆ.

ಮನೆಗೆ ಲೈಸೆನ್ಸ್: ಸಿಗುವುದೇನು, ಬಿಡುವುದೇನು

ಈ ಊರುಗಳಲ್ಲಿ ಇವತ್ತು ಫ್ಲ್ಯಾಟ್ ಹುಡುಕುವವರಿಗೆ ಸಿಗುವುದು ಬಹುತೇಕ ಲೈಸೆನ್ಸೇ. ಅದಕ್ಕೆ ಇತಿಹಾಸದ ಕಾರಣವಿದೆ. 1947ರ ಬಾಂಬೆ ರೆಂಟ್ ಕಾಯ್ದೆ ಬಾಡಿಗೆದಾರರಿಗೆ ಗಟ್ಟಿ ರಕ್ಷಣೆ ಕೊಟ್ಟಿತು. ಅದರಿಂದ ತಪ್ಪಿಸಿಕೊಳ್ಳಲು ಮಾಲೀಕರು ಲೈಸೆನ್ಸ್ ಹಿಡಿದರು. 1973ರಲ್ಲಿ ತಿದ್ದುಪಡಿ ಬಂದು, ಆ ವರ್ಷದ ಫೆಬ್ರವರಿ 1ರಂದು ಲೈಸೆನ್ಸ್ ಮೇಲೆ ಇದ್ದವರೆಲ್ಲ ಬಾಡಿಗೆದಾರರೇ ಎಂದು ಪರಿಗಣಿಸಲಾಯಿತು. ಆ ಭಯ ಮಾಲೀಕರ ಮನೆತನಗಳಲ್ಲಿ ಇನ್ನೂ ಇಳಿದಿಲ್ಲ. 1999ರ ಕಾಯ್ದೆಯ 24ನೇ ಕಲಮು ಕೊಟ್ಟ ಭರವಸೆಯ ಮೇಲೆಯೇ ಇವತ್ತಿನ ಬಾಡಿಗೆ ಪೇಟೆ ನಿಂತಿದೆ.

ಆ ಕಲಮಿನ ಪ್ರಕಾರ ಅವಧಿ ಮುಗಿದ ದಿನ ನೀವು ಮನೆ ಬಿಡಬೇಕು. ಬಿಡದಿದ್ದರೆ ಮಾಲೀಕರು ಸಿವಿಲ್ ಕೋರ್ಟಿಗೆ ಅಲೆಯಬೇಕಿಲ್ಲ, ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿದರೆ ಸಾಕು. ಸಮನ್ಸ್ ಬಂದ 30 ದಿನಗಳೊಳಗೆ ನೀವು ಪ್ರಮಾಣಪತ್ರ ಸಲ್ಲಿಸಿ, ವಾದ ಮಾಡಲು ಅನುಮತಿ ಕೇಳಬೇಕು. ಕೇಳದಿದ್ದರೆ ಮಾಲೀಕರ ಮಾತೇ ಒಪ್ಪಿತ. ಅವಧಿ ಮೀರಿ ಕೂತ ಕಾಲಕ್ಕೆ ಲೈಸೆನ್ಸ್ ಫೀಯ ದುಪ್ಪಟ್ಟು ಪರಿಹಾರ ಕಟ್ಟಬೇಕಾಗುತ್ತದೆ. “ಮಗುವಿನ ಪರೀಕ್ಷೆ ಮುಗಿಯಲಿ” ಎಂದು ಎರಡು ತಿಂಗಳು ಎಳೆದವರಿಗೆ 28,000 ರೂಪಾಯಿಯ ಮನೆ ತಿಂಗಳಿಗೆ 56,000 ಆಗಬಹುದು. ಪರೀಕ್ಷೆಯ ತಿಂಗಳು ಮೊದಲೇ ಗೊತ್ತಿರುತ್ತದೆ, ಅವಧಿಯನ್ನು ಏಪ್ರಿಲ್ ಕೊನೆಗೆ ಮುಗಿಯುವಂತೆ ಬರೆಸಿಕೊಳ್ಳುವುದು ಜಾಣತನ.

ಲೈಸೆನ್ಸ್ ಇರುವುದು ವ್ಯಕ್ತಿಗೆ, ಜಾಗಕ್ಕಲ್ಲ. ಈಸ್‌ಮೆಂಟ್ಸ್ ಕಾಯ್ದೆಯ 59ನೇ ಕಲಮಿನ ಪ್ರಕಾರ ಮಾಲೀಕರು ಮನೆ ಮಾರಿದರೆ ಕೊಂಡವರಿಗೆ ನಿಮ್ಮ ಲೈಸೆನ್ಸ್ ತಾನಾಗಿ ಬಂಧನಕಾರಿಯಲ್ಲ. ಲೀಸ್ ಆಗಿದ್ದರೆ ಹೊಸ ಮಾಲೀಕರು ನಿಮ್ಮ ಸಮೇತ ಕೊಂಡಂತೆ. ಹಾಗೆಂದು ಲೈಸೆನ್ಸೀಯನ್ನು ರಾತ್ರೋರಾತ್ರಿ ಹೊರಹಾಕಬಹುದು ಎಂದಲ್ಲ. 63ನೇ ಕಲಮು ಸಾಮಾನು ಸಾಗಿಸಲು ನ್ಯಾಯಯುತ ಕಾಲಾವಕಾಶ ಕೊಡುತ್ತದೆ. ಹಣ ಕೊಟ್ಟು ಪಡೆದ ಲೈಸೆನ್ಸನ್ನು, ನಿಮ್ಮ ತಪ್ಪಿಲ್ಲದೆ ನಡುವೆ ಕಿತ್ತುಕೊಂಡರೆ 64ನೇ ಕಲಮಿನಡಿ ಪರಿಹಾರ ಕೇಳಬಹುದು. ಇದಕ್ಕಿಂತ ಸುಲಭವಾದ ರಕ್ಷಣೆ ‘ಲಾಕ್-ಇನ್’ ಷರತ್ತು, ಅಂದರೆ ಇಷ್ಟು ತಿಂಗಳು ಕರಾರು ಮುರಿಯುವಂತಿಲ್ಲ ಎಂಬ ಕಟ್ಟುಪಾಡು. ಗಮನಿಸಿ, ಮುದ್ರಿತ ನಮೂನೆಗಳಲ್ಲಿ ಲಾಕ್-ಇನ್ ಸಾಮಾನ್ಯವಾಗಿ ನಿಮ್ಮ ಮೇಲೆ ಮಾತ್ರ ಇರುತ್ತದೆ. “ಮೊದಲ 11 ತಿಂಗಳು ಎರಡೂ ಪಕ್ಷಗಳು ರದ್ದು ಮಾಡುವಂತಿಲ್ಲ, ಮಾರಾಟವಾದರೆ ಕೊಳ್ಳುವವರು ಈ ಕರಾರನ್ನು ಮುಂದುವರಿಸುವಂತೆ ಲೈಸೆನ್ಸರ್ ನೋಡಿಕೊಳ್ಳಬೇಕು” ಎಂಬ ಸಾಲು ಸೇರಿಸಲು ಕೇಳಿ. ಒಳ್ಳೆಯ ಮಾಲೀಕರು ಒಪ್ಪುತ್ತಾರೆ. ಒಪ್ಪದವರು ಮನೆ ಮಾರುವ ಯೋಚನೆಯಲ್ಲಿರಬಹುದು ಎಂಬ ಸುಳಿವಾದರೂ ಸಿಗುತ್ತದೆ.

ಖರ್ಚಿನಲ್ಲಿ ಲೈಸೆನ್ಸ್ ತುಂಬ ಅಗ್ಗ. 60 ತಿಂಗಳವರೆಗಿನ ಕರಾರಿಗೆ ಮುದ್ರಾಂಕ ಶುಲ್ಕ ಶೇ 0.25. ಯಾವುದರ ಮೇಲೆ? ಪೂರ್ತಿ ಅವಧಿಯ ಬಾಡಿಗೆ, ಮರಳಿಸದ ಡಿಪಾಸಿಟ್ ಇದ್ದರೆ ಅದು, ಮತ್ತು ಮರಳಿಸುವ ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ 10ರ ಲೆಕ್ಕದ ಬಡ್ಡಿ, ಈ ಮೂರರ ಮೊತ್ತದ ಮೇಲೆ. ವಾಕಡ್‌ನ ಒಂದು ಮನೆಗೆ ತಿಂಗಳಿಗೆ 28,000, ಡಿಪಾಸಿಟ್ 84,000, ಅವಧಿ 24 ತಿಂಗಳು ಎಂದುಕೊಳ್ಳಿ. ಬಾಡಿಗೆ ಒಟ್ಟು 6,72,000, ಡಿಪಾಸಿಟ್‌ನ ಬಡ್ಡಿ ಎರಡು ವರ್ಷಕ್ಕೆ 16,800, ಒಟ್ಟು 6,88,800. ಅದರ ಶೇ 0.25 ಎಂದರೆ 1,722 ರೂಪಾಯಿ. ನೋಂದಣಿ ಶುಲ್ಕ ನಗರಪಾಲಿಕೆ ವ್ಯಾಪ್ತಿಯಲ್ಲಿ 1,000. ಏಜೆಂಟರು ಇದಕ್ಕೆ ಐದಾರು ಸಾವಿರ ಹೇಳಿದರೆ ಈ ಲೆಕ್ಕ ತೋರಿಸಿ, ಅವರ ಸೇವೆಯ ಹಣ ಎಷ್ಟು ಎಂದು ಬಿಡಿಸಿ ಕೇಳಿ.

ನಮ್ಮ ಕಡೆಯಿಂದ ಬಂದವರು ಮಾಡುವ ದೊಡ್ಡ ತಪ್ಪು, ಬೆಂಗಳೂರಿನಂತೆ ಸ್ಟಾಂಪ್ ಪೇಪರ್ ಮೇಲೆ 11 ತಿಂಗಳ ಕರಾರು ಟೈಪ್ ಮಾಡಿಸಿ ನೋಟರಿ ಮುದ್ರೆ ಹಾಕಿಸುವುದು. ಒಂದು ವರ್ಷ ಮೀರಿದ ಲೀಸ್‌ಗೆ ಮಾತ್ರ ನೋಂದಣಿ ಕಡ್ಡಾಯ ಎಂಬ ಕೇಂದ್ರ ಕಾನೂನಿನಿಂದ ಹುಟ್ಟಿದ ಅಭ್ಯಾಸ ಅದು. ಮಹಾರಾಷ್ಟ್ರದಲ್ಲಿ 1999ರ ಕಾಯ್ದೆಯ 55ನೇ ಕಲಮಿನಂತೆ ಅವಧಿ ಎಷ್ಟೇ ಇರಲಿ, ಲೀಸ್ ಇರಲಿ ಲೈಸೆನ್ಸ್ ಇರಲಿ, ಕರಾರು ಲಿಖಿತವಾಗಿ ನೋಂದಣಿಯಾಗಲೇಬೇಕು. ಮಾಡಿಸುವ ಹೊಣೆ ಮಾಲೀಕರದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನೋಂದಣಿ ಇಲ್ಲದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ, ಬೇರೆಯದು ಸಾಬೀತಾಗುವವರೆಗೆ, ನಿಲ್ಲುತ್ತದೆ. ಹಾಗಾಗಿ ಇಲ್ಲಿ 11 ತಿಂಗಳಿಗೆ ವಿಶೇಷ ಲಾಭವೇನಿಲ್ಲ. ಎರಡು ವರ್ಷ ಇರುವುದು ಖಚಿತವಿದ್ದರೆ 24 ತಿಂಗಳಿಗೇ ಮಾಡಿಸಿ, ಏಜೆಂಟರ ಫೀಯೂ ಓಡಾಟವೂ ಅರ್ಧವಾಗುತ್ತದೆ. ವರ್ಷದ ಏರಿಕೆ ಎಷ್ಟೆಂದು ಮೊದಲೇ ಬರೆಸಿ. ಆಧಾರ್, ಪ್ಯಾನ್, ಇಬ್ಬರು ಸಾಕ್ಷಿಗಳು, ಬೆರಳಚ್ಚು ಯಂತ್ರ ಇದ್ದರೆ ಇ-ನೋಂದಣಿ ಮನೆಯಲ್ಲೇ ಮುಗಿಯುತ್ತದೆ. ದುಡಿದು ಸವೆದ ಬೆರಳುಗಳ ಹಿರಿಯರಿಗೆ ಅಚ್ಚು ಹೊಂದಿಕೆಯಾಗದೆ ಕೆಲಸ ನಿಲ್ಲುವುದು ಸಾಮಾನ್ಯ, ಕರಾರನ್ನು ಕಿರಿಯರ ಹೆಸರಿಗೆ ಮಾಡಿಸುವುದು ಒಂದು ಉಪಾಯ.

ಆದಾಯ ತೆರಿಗೆಯ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ರಿಯಾಯಿತಿಗೆ ಲೈಸೆನ್ಸ್ ಫೀಯೂ ಬಾಡಿಗೆಯೇ. ವರ್ಷಕ್ಕೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಸಂಖ್ಯೆ ಬೇಕು. ಸೊಸೈಟಿ (ಕಟ್ಟಡದ ಫ್ಲ್ಯಾಟ್ ಮಾಲೀಕರ ಸಹಕಾರ ಸಂಘ) ವಿಧಿಸುವ ನಾನ್-ಆಕ್ಯುಪೆನ್ಸಿ ಶುಲ್ಕ, ಅಂದರೆ ಮಾಲೀಕರು ತಾವಿರದೆ ಬೇರೆಯವರಿಗೆ ಕೊಟ್ಟದ್ದಕ್ಕೆ ಕಟ್ಟುವ ಹಣ, 2001ರ ಸರ್ಕಾರಿ ಆದೇಶದಂತೆ ಸೇವಾ ಶುಲ್ಕದ ಶೇ 10ನ್ನು ಮೀರುವಂತಿಲ್ಲ. ಅದನ್ನು ಕಟ್ಟಬೇಕಾದವರು ಮಾಲೀಕರು. ನಿಮ್ಮ ತಲೆಗೆ ಕಟ್ಟುವ ಸಾಲು ಕರಾರಿನಲ್ಲಿದ್ದರೆ ಹೊಡೆದುಹಾಕಿಸಿ.

ನಿಜವಾದ ಲೀಸ್ ಯಾರಿಗೆ

ವಾಸಕ್ಕೆ ನಿಜವಾದ ಲೀಸ್ ಕೊಟ್ಟರೆ ಪಡೆದವರು 1999ರ ಕಾಯ್ದೆಯ ರಕ್ಷಿತ ಬಾಡಿಗೆದಾರರಾಗುತ್ತಾರೆ. ಬಾಡಿಗೆ ಕಟ್ಟುತ್ತಿರುವವರೆಗೆ, ಕಾಯ್ದೆ ಹೇಳುವ ಕಾರಣಗಳಲ್ಲದೆ ಎಬ್ಬಿಸುವಂತಿಲ್ಲ. ವರ್ಷಕ್ಕೆ ಶೇ 4ರಷ್ಟು ಏರಿಕೆಗೆ ಮಾತ್ರ ಕಾಯ್ದೆಯ ಒಪ್ಪಿಗೆ. ಬಾಡಿಗೆದಾರ ತೀರಿಕೊಂಡರೆ ಜೊತೆಗಿದ್ದ ಕುಟುಂಬದವರಿಗೆ ಹಕ್ಕು ಮುಂದುವರಿಯುತ್ತದೆ. ಪಡೆಯುವವರಿಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು? ಅದಕ್ಕೇ ಯಾರೂ ಕೊಡುವುದಿಲ್ಲ. ಗಿರಗಾಂವ್, ದಾದರ್, ಮಾಟುಂಗಾದ ಹಳೆಯ ಚಾಳುಗಳಲ್ಲಿ, ಪಗಡಿ (ಬಾಡಿಗೆದಾರಿಕೆ ಪಡೆಯಲು ಕೊಡುವ ಇಡುಗಂಟು) ಕೊಟ್ಟು ಹಿಡಿದ ಕಟ್ಟಡಗಳಲ್ಲಿ ತಲೆಮಾರುಗಳಿಂದ ಇರುವ ಕನ್ನಡ ಕುಟುಂಬಗಳ ಕೈಯಲ್ಲಿರುವುದು ಈ ಬಗೆಯ ಹಕ್ಕು. ಅಂಥ ಖೋಲಿಯ (ಕೋಣೆಯ) ಕಾಗದ ನಿಮ್ಮ ಮನೆಯಲ್ಲಿದ್ದರೆ ಬಿಲ್ಡರ್ ಕಡೆಯವರು ತರುವ ‘ಹೊಸ ಲೀವ್ ಅಂಡ್ ಲೈಸೆನ್ಸ್’ಗೆ ವಕೀಲರನ್ನು ಕಾಣದೆ ಸಹಿ ಹಾಕಬೇಡಿ. ಅಜ್ಜ ಗಳಿಸಿದ ಬಾಡಿಗೆದಾರಿಕೆ ಆ ಒಂದು ಸಹಿಯಲ್ಲಿ ಅನುಮತಿಯ ಮಟ್ಟಕ್ಕೆ ಇಳಿಯಬಹುದು. ಪಗಡಿ ಹಣ ಕೊಡುವುದು, ಪಡೆಯುವುದು 1999ರ ಕಾಯ್ದೆಯ 56ನೇ ಕಲಮಿನಿಂದ ಸಕ್ರಮವಾಗಿದೆ, ರಸೀತಿ ಕೇಳಲು ಸಂಕೋಚ ಬೇಡ.

ಲೀಸ್‌ಗೆ ಕಾಗದದ ಖರ್ಚೂ ಹೆಚ್ಚು. ಐದು ವರ್ಷದೊಳಗಿನ ಲೀಸ್‌ಗೆ ಆಸ್ತಿಯ ಮಾರುಕಟ್ಟೆ ಬೆಲೆಯ ಶೇ 10ರ ಮೇಲೆ ಕ್ರಯಪತ್ರದ ದರದಲ್ಲಿ ಶುಲ್ಕ. 80 ಲಕ್ಷದ ಫ್ಲ್ಯಾಟಿಗೆ 8 ಲಕ್ಷದ ಮೇಲೆ ಶೇ 5 ಎಂದರೂ 40,000, ಸ್ಥಳೀಯ ಸೆಸ್ ಬೇರೆ. ಮೇಲಿನ 1,722ರ ಪಕ್ಕದಲ್ಲಿಟ್ಟು ನೋಡಿ. ಐದರಿಂದ ಹತ್ತು ವರ್ಷಕ್ಕೆ ಶೇ 25, ಹತ್ತರಿಂದ 29ಕ್ಕೆ ಶೇ 50, ಅದಕ್ಕೂ ಮೇಲೆ ಶೇ 90ರ ಮೇಲೆ ಲೆಕ್ಕ.

ಹಾಗಾದರೆ ಲೀಸ್ ಬೇಕಾಗುವುದು ಯಾರಿಗೆ? ಗೋಡೆ ಒಡೆದು ಅಡುಗೆಮನೆ ಕಟ್ಟಿ, ಕೋಲ್ಡ್ ರೂಮ್ ಹಾಕಿ, ಲಕ್ಷಗಟ್ಟಲೆ ಜಾಗಕ್ಕೇ ಸುರಿಯುವ ವ್ಯಾಪಾರಿಗೆ. ಹೂಡಿದ ಹಣ ತಿರುಗಿ ಬರಲು ಏಳೆಂಟು ವರ್ಷ ಬೇಕಾದಾಗ 33 ತಿಂಗಳ ಲೈಸೆನ್ಸ್ ನಂಬಿ ಕೂರುವುದು ದೊಡ್ಡ ಅಪಾಯ. 60 ತಿಂಗಳು ದಾಟಿದ ಲೈಸೆನ್ಸ್‌ಗೆ ಮುದ್ರಾಂಕ ಶುಲ್ಕ ಹೇಗೂ ಲೀಸ್‌ನ ದರದಲ್ಲೇ ಬೀಳುತ್ತದೆ. ಆ ಮೇಲೆ ಲೀಸ್ ಕೇಳದಿರಲು ನಿಮಗೆ ಕಾರಣವೇ ಇಲ್ಲ.

ಹೆವಿ ಡಿಪಾಸಿಟ್: ಭೋಗ್ಯದ ತಮ್ಮ

ಬೆಂಗಳೂರಿನ ‘ಲೀಸ್’ಗೆ ಇಲ್ಲಿ ಸಮನಾದದ್ದು ‘ಹೆವಿ ಡಿಪಾಸಿಟ್’. ಕಾಗದದಲ್ಲಿ ಅದೂ ಲೈಸೆನ್ಸೇ, ಬಾಡಿಗೆ ಸೊನ್ನೆ ಅಥವಾ ನಾಮಮಾತ್ರ. ಡೊಂಬಿವಲಿ, ಕಲ್ಯಾಣ, ಮೀರಾ ರೋಡ್ ಕಡೆ ಹೆಚ್ಚು ಕೇಳಿಬರುತ್ತದೆ. ಲೆಕ್ಕ ಹೀಗೆ: 12 ಲಕ್ಷ ಕೊಟ್ಟಿರೆಂದರೆ ಬ್ಯಾಂಕಿನ ಶೇ 7ರ ಬಡ್ಡಿಯಲ್ಲಿ ತಿಂಗಳಿಗೆ 7,000 ಕಳೆದುಕೊಂಡಂತೆ. ಅಂಥದೇ ಮನೆಯ ಬಾಡಿಗೆ 18,000 ಇದ್ದರೆ ತಿಂಗಳಿಗೆ 11,000 ಉಳಿತಾಯ. ಆದರೆ ಆ 12 ಲಕ್ಷವನ್ನು ಶೇ 12ರ ಪರ್ಸನಲ್ ಲೋನ್ ತೆಗೆದು ಕೊಟ್ಟರೆ ಬಡ್ಡಿಯೇ 12,000, ಉಳಿಯುವುದು ಆರು ಸಾವಿರ. ಅಷ್ಟಕ್ಕೆ ಹನ್ನೆರಡು ಲಕ್ಷದ ಅಪಾಯ ಹೊರುವುದು ಸರಿಯಲ್ಲ.

ಅಪಾಯ ಏನೆಂದರೆ, ಆ ಹಣಕ್ಕೆ ಯಾವ ಒತ್ತೆಯೂ ಇಲ್ಲ. ತಿಂಗಳಿಗೆ 18,000 ಬಿಟ್ಟು ಗಂಟು ಕೇಳುವ ಮಾಲೀಕರಿಗೆ ಹಣದ ತುರ್ತಿದೆ. ಆ ತುರ್ತು ಬ್ಯಾಂಕ್ ಸಾಲದ ಕಂತಿನದಾಗಿದ್ದರೆ, ಕಂತು ತಪ್ಪಿದಾಗ ಬ್ಯಾಂಕು, ಅಡವಿಟ್ಟ ಆಸ್ತಿಯನ್ನು ವಶಪಡಿಸಿಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆಯಡಿ, ಮನೆಯ ಬಾಗಿಲಿಗೆ ನೋಟಿಸು ಅಂಟಿಸುತ್ತದೆ. ಮನೆ ಬಿಟ್ಟ ಮೇಲೆ ಗಂಟಿಗಾಗಿ ಕೋರ್ಟಿಗೆ ಅಲೆಯುವುದು ನಿಮ್ಮ ಪಾಲಿಗೆ. ಆದ್ದರಿಂದ ಐಜಿಆರ್ ಮಹಾರಾಷ್ಟ್ರದ (ನೋಂದಣಿ ಇಲಾಖೆಯ) ಜಾಲತಾಣದಲ್ಲಿ ಆ ಫ್ಲ್ಯಾಟಿನ ಇಂಡೆಕ್ಸ್-2 (ನೋಂದಣಿಯ ಸಾರಾಂಶ ಪತ್ರ) ಹುಡುಕಿ ಅಡಮಾನದ ನಮೂದು ಇದೆಯೇ ನೋಡಿ, ಸೊಸೈಟಿಯ ಕಾರ್ಯದರ್ಶಿಯನ್ನು ಬ್ಯಾಂಕಿನ ಲೀನ್ ಪತ್ರ (ಸಾಲಕ್ಕಾಗಿ ಫ್ಲ್ಯಾಟಿನ ಮೇಲೆ ತನ್ನ ಹಕ್ಕಿದೆ ಎಂಬ ಪತ್ರ) ಬಂದಿದೆಯೇ ಎಂದು ಕೇಳಿ. ಪೂರ್ತಿ ಮೊತ್ತವನ್ನೂ ಬ್ಯಾಂಕ್ ವರ್ಗಾವಣೆಯ ಸಂಖ್ಯೆಯನ್ನೂ ಕರಾರಿನಲ್ಲೇ ಬರೆಸಿ. “ಶುಲ್ಕ ಉಳಿಯುತ್ತೆ, ಎರಡು ಲಕ್ಷ ಮಾತ್ರ ತೋರಿಸೋಣ” ಎನ್ನುವವರಿಗೆ ಹೇಳಿ: 12 ಲಕ್ಷಕ್ಕೆ 24 ತಿಂಗಳ ಬಡ್ಡಿ 2,40,000, ಅದರ ಶೇ 0.25 ಬರೇ 600 ರೂಪಾಯಿ.

ನಿವೃತ್ತಿಯ ಹಣ, ಮಗಳ ಮದುವೆಗೆ ಇಟ್ಟ ಹಣ ಇದಕ್ಕೆ ಹಾಕಬೇಡಿ. ಸ್ವಂತ ಉಳಿತಾಯದಲ್ಲಿ ಒಂದು ಭಾಗ ಮಾತ್ರ ತೊಡಗಿಸಿ, ಸಾಲವಿಲ್ಲದ ಫ್ಲ್ಯಾಟ್ ಸಿಕ್ಕಿದರೆ ಒಂದೆರಡು ವರ್ಷಕ್ಕೆ ಯೋಚಿಸಬಹುದು.

ಪಿಜಿ, ಕಂಡಕ್ಟಿಂಗ್, ಲೀಸ್‌ಹೋಲ್ಡ್

ಪಿಜಿ ಬಗ್ಗೆ ಎರಡೇ ಮಾತು. 1999ರ ಕಾಯ್ದೆಯ ಪ್ರಕಾರ ಪೇಯಿಂಗ್ ಗೆಸ್ಟ್ ಎಂದರೆ ಲೈಸೆನ್ಸರ್ ತಾವೂ ವಾಸಿಸುವ ಮನೆಯ ಒಂದು ಭಾಗದಲ್ಲಿ ಇರುವವರು. ಮಾಲೀಕರಿಲ್ಲದ ಫ್ಲ್ಯಾಟಿನಲ್ಲಿ ಮಂಚಕ್ಕೆ ಇಷ್ಟು ಎಂದು ಕೊಟ್ಟದ್ದು ಆ ಅರ್ಥದಲ್ಲಿ ಪಿಜಿಯೇ ಅಲ್ಲ. ಆರು ತಿಂಗಳ ತರಬೇತಿಗೆ ಬಂದವರಿಗೆ ಪರವಾಗಿಲ್ಲ. ಪಾಸ್‌ಪೋರ್ಟ್ ವಿಳಾಸಕ್ಕೆ ದಾಖಲೆ ಬೇಕಿದ್ದರೆ ನೋಂದಾಯಿತ ಲೈಸೆನ್ಸ್ ಮಾಡಿಸಿಕೊಡುವ ಕಡೆ ಹೋಗಿ.

ಕಂಡಕ್ಟಿಂಗ್ ಮಾತ್ರ ಮುಂಬೈ ಕನ್ನಡಿಗರ, ಮುಖ್ಯವಾಗಿ ನಮ್ಮ ಹೋಟೆಲಿನವರ ದಿನನಿತ್ಯದ ಪದ. “ಹೋಟೆಲ್ ಕಂಡಕ್ಟಿಂಗ್‌ಗೆ ಕೊಟ್ಟಿದ್ದೇನೆ” ಎಂದರೆ ಜಾಗವನ್ನಲ್ಲ, ನಡೆಯುತ್ತಿರುವ ವ್ಯಾಪಾರವನ್ನೇ ನಡೆಸಲು ಕೊಟ್ಟಿದ್ದೇನೆ ಎಂದು. ಹಣಕ್ಕೆ ಇಲ್ಲಿ ರಾಯಲ್ಟಿ ಎಂಬ ಹೆಸರು. ಕಾಯ್ದೆಯ 7ನೇ ಕಲಮಿನ ವ್ಯಾಖ್ಯೆಯು, ಮಾಲೀಕರ ನಡೆಯುವ ವ್ಯಾಪಾರವನ್ನು ನಡೆಸುವವರನ್ನು ‘ಲೈಸೆನ್ಸೀ’ ಪದದಿಂದಲೇ ಹೊರಗಿಟ್ಟಿದೆ. ಅಂದರೆ ಕಂಡಕ್ಟಿಂಗ್ ಹಿಡಿದವರಿಗೆ ಲೈಸೆನ್ಸೀಗಿಂತಲೂ ತೆಳುವಾದ ನೆಲೆ. ಊರಿಂದ ಹಣ ತಂದು ಕಂಡಕ್ಟಿಂಗ್ ಹಿಡಿಯುವ ಹುಡುಗರು ನೋಡಬೇಕಾದ್ದು ಇವು: ಪೀಠೋಪಕರಣ, ಫ್ರಿಜ್, ಗ್ರೈಂಡರ್‌ಗಳ ಪಟ್ಟಿ ಕರಾರಿಗೆ ಲಗತ್ತಾಗಿದೆಯೇ, ಆಹಾರದ ಲೈಸೆನ್ಸ್, ಪಾಲಿಕೆಯ ಆರೋಗ್ಯ ಪರವಾನಗಿ ಯಾರ ಹೆಸರಲ್ಲಿವೆ, ನವೀಕರಣ ಯಾರು ಮಾಡಿಸಬೇಕು, ಹಳೆಯ ಬಾಕಿ ಯಾರದು, ನೀವು ಹಾಕಿದ ಹೊಸ ಸಾಮಾನು ಬಿಡುವಾಗ ಯಾರದು. ಎರಡು ವರ್ಷ ವ್ಯಾಪಾರ ಕಲಿಯಲು ಕಂಡಕ್ಟಿಂಗ್ ಒಳ್ಳೆಯ ದಾರಿ, ಬಂಡವಾಳ ಕಡಿಮೆ ಸಾಕು. ಸ್ವಂತ ಹೆಸರು ಕಟ್ಟಬೇಕೆಂದರೆ ಅದು ತಕ್ಕ ಜಾಗವಲ್ಲ. ನೀವು ಕಟ್ಟಿದ ಗಿರಾಕಿ ಬೋರ್ಡಿನ ಹೆಸರಿಗೆ ಸೇರುತ್ತದೆ.

ನವಿ ಮುಂಬೈಯಲ್ಲಿ ಫ್ಲ್ಯಾಟ್ ಕೊಳ್ಳುವವರಿಗೆ ಲೀಸ್ ಪದ ಮತ್ತೊಂದು ವೇಷದಲ್ಲಿ ಎದುರಾಗುತ್ತದೆ. ವಾಶಿ, ನೆರೂಳದ ಭೂಮಿಯನ್ನು ಸಿಡ್ಕೊ (ನವಿ ಮುಂಬೈ ಕಟ್ಟಿದ ಸರ್ಕಾರಿ ನಿಗಮ) 60 ವರ್ಷದ ಲೀಸ್ ಮೇಲೆ ಕೊಟ್ಟದ್ದು. ಎಂಐಡಿಸಿಯ (ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮದ) ಕೈಗಾರಿಕಾ ನಿವೇಶನಗಳು 95 ವರ್ಷದವು. ಇದು ಗಟ್ಟಿ ಹಕ್ಕು, ಮಾರಬಹುದು, ಸಾಲ ಸಿಗುತ್ತದೆ. ಮಾರುವಾಗ ಮೂಲ ಸಂಸ್ಥೆಯ ಒಪ್ಪಿಗೆ ಮತ್ತು ವರ್ಗಾವಣೆ ಶುಲ್ಕ ಬೇಕಾಗಬಹುದು. ಎಷ್ಟು ವರ್ಷ ಉಳಿದಿದೆ ಎಂದು ನೋಡಿ ಬೆಲೆ ಮಾತಾಡಿ.

ಗೋವಾಕ್ಕೆ ಹೋಗುವವರಿಗೆ

ವಾಸ್ಕೊ, ಝುವಾರಿನಗರ, ಮಡಗಾಂವ್ ಕಡೆ ಮನೆ ಹಿಡಿಯುವ ಕನ್ನಡಿಗರು ಮುಂಬೈಯ ಕರಾರಿನ ನಕಲು ಒಯ್ಯಬಾರದು. 24ನೇ ಕಲಮು ಮಹಾರಾಷ್ಟ್ರದ್ದು. ಗೋವಾದಲ್ಲಿ ಕಟ್ಟಡಗಳ ಲೀಸ್, ಬಾಡಿಗೆ, ತೆರವುಗಳಿಗೆ 1968ರ ಪ್ರತ್ಯೇಕ ಕಾಯ್ದೆಯಿದೆ. ಮುಂಬೈಯ ಕಾಯ್ದೆಯ ಕಲಮು ಬರೆದ ನಮೂನೆ ಅಲ್ಲಿ ಯಾರಿಗೂ ಪ್ರಯೋಜನವಿಲ್ಲ.

ಸಹಿಯ ದಿನ, ಬಿಡುವ ದಿನ

ಎರಡು ಮೂರು ವರ್ಷಕ್ಕೆ ಕೆಲಸದ ಮೇಲೆ ಬಂದ ಕುಟುಂಬಕ್ಕೆ ಎರಡೂ ಕಡೆಯ ಲಾಕ್-ಇನ್ ಇರುವ 24 ತಿಂಗಳ ನೋಂದಾಯಿತ ಲೈಸೆನ್ಸ್ ಸಾಕು, ಲೀಸ್‌ಗಾಗಿ ಹುಡುಕಿ ದಿನ ಕಳೆಯಬೇಡಿ. ಮಕ್ಕಳ ಶಾಲೆಯ ಕಾರಣಕ್ಕೆ ಐದು ವರ್ಷ ಅಲ್ಲಾಡಬಾರದು ಎನ್ನುವವರು 60 ತಿಂಗಳ ಲೈಸೆನ್ಸ್‌ಗೆ, ವರ್ಷದ ಏರಿಕೆ ನಮೂದಿಸಿ, ಒಪ್ಪುವ ಮಾಲೀಕರನ್ನು ಹುಡುಕಿ. ವಿದೇಶದಲ್ಲಿರುವ ಮಾಲೀಕರು ಹಲವು ಸಲ ಇದಕ್ಕೆ ಸಿದ್ಧರಿರುತ್ತಾರೆ. ಜಾಗಕ್ಕೇ ಹಣ ಹೂಡುವ ವ್ಯಾಪಾರಿ ಲೀಸ್‌ಗೆ ಖರ್ಚು ಮಾಡಲಿ.

ಸಹಿಗೆ ಮೊದಲು ಮಾಲೀಕರ ಹೆಸರು ಇಂಡೆಕ್ಸ್-2ರಲ್ಲೂ ಸೊಸೈಟಿಯ ಬಿಲ್ಲಿನಲ್ಲೂ ಒಂದೇ ಇದೆಯೇ ನೋಡಿ. ಜಂಟಿ ಹೆಸರಿದ್ದರೆ ಇಬ್ಬರೂ ಸಹಿ ಹಾಕಬೇಕು. ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಸಲ್ಲಿಸಿದ ಪ್ರತಿ ಪಡೆದಿಟ್ಟುಕೊಳ್ಳಿ. ಒಳಗೆ ಹೋದ ದಿನವೇ ಗೋಡೆ, ನಲ್ಲಿ, ಗೀಸರ್, ಮೀಟರ್ ರೀಡಿಂಗ್‌ಗಳ ಫೋಟೊ ತೆಗೆದು ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿ, ದಿನಾಂಕ ಅಲ್ಲಿ ತಾನಾಗಿ ದಾಖಲಾಗುತ್ತದೆ. ಡಿಪಾಸಿಟ್ ಬಗ್ಗೆ ಬಹುತೇಕ ನಮೂನೆಗಳಲ್ಲಿ “ಬಿಟ್ಟ ನಂತರ ಮರಳಿಸಲಾಗುವುದು” ಎಂದಷ್ಟೇ ಇರುತ್ತದೆ. ಆ ‘ನಂತರ’ ಮೂರು ತಿಂಗಳೂ ಆಗಬಹುದು. ಅದನ್ನು “ಬೀಗದ ಕೈ ಒಪ್ಪಿಸುವ ಹೊತ್ತಿಗೇ, ಬಾಕಿ ಬಿಲ್ಲುಗಳನ್ನು ಕಳೆದು, ಬ್ಯಾಂಕ್ ವರ್ಗಾವಣೆಯ ಮೂಲಕ” ಎಂದು ತಿದ್ದಿಸಿ. ಬಣ್ಣಕ್ಕೆ ಎಷ್ಟು ಕಡಿತ ಎಂದು ರೂಪಾಯಿಯಲ್ಲಿ ಬರೆಸಿ. ಹಾಗೆ ಬರೆದಿದ್ದರೆ ಕೊನೆಯ ದಿನ ಕೊನೆಯ ವಿದ್ಯುತ್ ಬಿಲ್ಲು, ಗ್ಯಾಸ್ ಬಿಲ್ಲು, ಸೊಸೈಟಿಯ ನೋ-ಡ್ಯೂಸ್ ಪತ್ರ ಮುಂದಿಟ್ಟು, ಹಣ ಖಾತೆಗೆ ಬಂದ ಸಂದೇಶ ನೋಡಿದ ಮೇಲೆ ಕೈ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಎರಡು ಸಾಲಿನ ರಸೀತಿ ಬರೆಸಿಕೊಳ್ಳಿ.